ಹುಬ್ಬಳ್ಳಿಯಲ್ಲಿ ಮಾರುವ ಕೆನಡಾ ಪ್ಯಾಕೇಜ್: ಊರಿಗೆ ಸೈ, ಕಾಡಿಗೆ ನಪಾಸು

ದೇಶಪಾಂಡೆ ನಗರ, ಕೊಪ್ಪಿಕರ್ ರಸ್ತೆ, ವಿದ್ಯಾನಗರದ ಟ್ರಾವೆಲ್ ಕಚೇರಿಗಳಲ್ಲಿ ದುಬೈ, ಸಿಂಗಾಪುರದ ಪೋಸ್ಟರ್ ಪಕ್ಕಕ್ಕೆ ಈಗ ಕೆನಡಾವೂ ಬಂದು ಕೂತಿದೆ. ಹೆಸರು ಕಚೇರಿಗೊಂದು ಥರ ಇದ್ದರೂ ಸರಕು ಹೆಚ್ಚುಕಡಿಮೆ ಒಂದೇ: 12ರಿಂದ 14 ದಿನ, ಟೊರಾಂಟೊದಲ್ಲಿ ಇಳಿದು ವ್ಯಾಂಕೂವರ್‌ನಿಂದ ವಾಪಸ್, ನಡುವೆ ನಯಾಗರಾ, ಒಟ್ಟಾವಾ, ಮಾಂಟ್ರಿಯಲ್, ಕ್ಯಾಲ್ಗರಿ, ಬ್ಯಾನ್ಫ್, ವಿಕ್ಟೋರಿಯಾ. ದರ ಸಾಮಾನ್ಯವಾಗಿ ತಲಾ ನಾಲ್ಕು ಲಕ್ಷ ದಾಟಿರುತ್ತದೆ. ಗದಗ, ಹಾವೇರಿಯಲ್ಲಿ ವಿಚಾರಿಸಿದರೂ ಕೈಗೆ ಬರುವುದು ಇಂಥದ್ದೇ ಪಟ್ಟಿ.

ಒಂದು ಕಂಪನಿಯನ್ನು ಹಿಡಿದು ಹೊಗಳುವ, ತೆಗಳುವ ಬರಹ ಇದಲ್ಲ. ಈ ನಮೂನೆಯ ಪ್ಯಾಕೇಜನ್ನು ಸಾಲು ಸಾಲಾಗಿ ಬಿಚ್ಚಿದರೆ ದುಡ್ಡಿಗೆ ತಕ್ಕದ್ದು ಯಾವುದು, ಸುಮ್ಮನೆ ಕೈಬಿಟ್ಟು ಹೋಗುವುದು ಯಾವುದು ಎಂಬ ಲೆಕ್ಕ ಅಷ್ಟೇ. ವೀಸಾ ಕಾಗದಪತ್ರ, ವಿಮಾನ, ನಗರಗಳ ಮಟ್ಟಿಗೆ ಪ್ಯಾಕೇಜ್ ಪರವಾಗಿಲ್ಲ. ಆದರೆ ಜನ ಯಾವ ಬೆಟ್ಟ, ಹಿಮನದಿ, ಸರೋವರದ ಫೋಟೊ ನೋಡಿ ದುಡ್ಡು ಕಟ್ಟುತ್ತಾರೋ ಅದರ ಮಟ್ಟಿಗೆ ಪಾಸಾಗುವುದಿಲ್ಲ. ಅದಕ್ಕೆ ಕಾರಣ ದರವಲ್ಲ, ಕ್ಯಾಲೆಂಡರ್.

ನಮ್ಮ ಕಡೆಯ ಗ್ರೂಪ್‌ಗಳು ಹೆಚ್ಚಾಗಿ ಹೊರಡುವುದು ಏಪ್ರಿಲ್-ಮೇ ತಿಂಗಳಲ್ಲಿ. ಮಕ್ಕಳಿಗೆ ಸೂಟಿ ಇದೆ ಎಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ಆ ಹೊತ್ತಿನಲ್ಲಿ ರಾಕಿ ಬೆಟ್ಟಗಳ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿರುವ ಲೇಕ್ ಲೂಯಿಸ್ ಸರೋವರ ಇನ್ನೂ ಮಂಜುಗಡ್ಡೆ. ಗಡ್ಡೆ ಒಡೆದು ಇಡೀ ಸರೋವರ ನೀರಾಗುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಪೋಸ್ಟರಿನಲ್ಲಿರುವ ಆ ನೀಲಿ-ಹಸಿರು ಬಣ್ಣ ಬರುವುದು ಇನ್ನೂ ತಡ: ಹಿಮನದಿ ತನ್ನ ತಳದ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆದಿರುತ್ತದೆ, ಬಿಸಿಲಿಗೆ ಕರಗಿದ ನೀರು ಆ ಹಿಟ್ಟನ್ನು ಹೊತ್ತು ತಂದು ಸರೋವರಕ್ಕೆ ಸುರಿಯುತ್ತದೆ, ಅದು ನೀರಲ್ಲಿ ತೇಲುತ್ತ ಬೆಳಕನ್ನು ಚದುರಿಸಿದಾಗಲೇ ಆ ಬಣ್ಣ. ಜೂನ್ ಕೊನೆ, ಜುಲೈಯಲ್ಲಿ ಅದು ತುಂಬಿ ಬಂದಿರುತ್ತದೆ. ಅದರ ಹತ್ತಿರದ ಇನ್ನೊಂದು ಸರೋವರ ಮೊರೇನ್ ಲೇಕ್‌ನ ರಸ್ತೆಯಂತೂ ಹಿಮಕುಸಿತದ ಭಯಕ್ಕೆ ಚಳಿಗಾಲ ಪೂರ್ತಿ ಮುಚ್ಚಿರುತ್ತದೆ, ತೆರೆಯುವುದು ಜೂನ್ ಆರಂಭಕ್ಕೆ, ಮತ್ತೆ ಬಾಗಿಲು ಹಾಕುವುದು ಅಕ್ಟೋಬರ್ ನಡುವಿಗೆ. ಮೇ ತಿಂಗಳ ಪಟ್ಟಿಯಲ್ಲಿ ಮೊರೇನ್ ಲೇಕ್ ಇದ್ದರೆ ಅದನ್ನು ಬರೆದವರು ರಸ್ತೆಯನ್ನೇ ವಿಚಾರಿಸಿಲ್ಲ ಎಂದು ತಿಳಿಯಬೇಕು. ಕೌಂಟರಿನಲ್ಲಿ ಕೇಳಿದರೆ "ಎಲ್ಲಾ ತೋರಸ್ತಾರ್ರೀ, ಸ್ನೋ ಸಿಕ್ಕರ ಇನ್ನೂ ಚಲೋ ಅಲ್ರಿ?" ಎಂದು ನಗುತ್ತಾರೆ. ಸ್ನೋ ಸಿಗುತ್ತದೆ ನಿಜ, ಸರೋವರ ಸಿಗುವುದಿಲ್ಲ.

ಹಾಗಾದರೆ ಯಾವಾಗ? ಮಕ್ಕಳಿರುವ ಮನೆಗೆ ದಸರಾ ಸೂಟಿ. ಸೆಪ್ಟೆಂಬರ್ ಕೊನೆಯಲ್ಲಿ ರಾಕಿ ಬೆಟ್ಟಗಳ ಲಾರ್ಚ್ ಮರಗಳು ಹಳದಿ ಬಂಗಾರದ ಬಣ್ಣಕ್ಕೆ ತಿರುಗುತ್ತವೆ, ಮೊರೇನ್ ರಸ್ತೆ ತೆರೆದೇ ಇರುತ್ತದೆ, ಪೂರ್ವದ ಒಂಟಾರಿಯೊ, ಕ್ವಿಬೆಕ್‌ನಲ್ಲಿ ಮೇಪಲ್ ಎಲೆ ಕೆಂಪಾಗಲು ಶುರುವಾಗಿರುತ್ತದೆ, ಹೋಟೆಲ್ ದರವೂ ಜುಲೈನಷ್ಟು ಇರುವುದಿಲ್ಲ. ಬ್ಯಾನ್ಫ್‌ನಲ್ಲಿ ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಒಂದು ದಪ್ಪ ಕೋಟ್‌ಗಿಂತ ಒಂದರ ಮೇಲೊಂದು ಮೂರು ಪದರ ಬಟ್ಟೆ ವಾಸಿ. ಆದರೆ ಪಂಚಾಂಗ ನೋಡಿಯೇ ಹೊರಡಬೇಕು. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂದಿತ್ತು, ಕೆನಡಾಕ್ಕೆ ಹೇಳಿ ಮಾಡಿಸಿದ ಸೂಟಿ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಹಬ್ಬ ಅಕ್ಟೋಬರ್ 20ರ ಸುಮಾರಿಗೆ ಜಾರುತ್ತದೆ, ಅಷ್ಟರಲ್ಲಿ ಮೊರೇನ್ ರಸ್ತೆ ಬಂದ್, ಕೊಲಂಬಿಯಾ ಐಸ್‌ಫೀಲ್ಡ್‌ನ ಹಿಮನದಿಯ ಮೇಲೆ ಪ್ರವಾಸಿಗರನ್ನು ಒಯ್ಯುವ ಬಸ್ಸೂ ಬಂದ್. ಅಧಿಕ ಮಾಸ ಬಂದ ವರ್ಷ ಪೂರ್ವ ಕೆನಡಾ ಒಂದನ್ನೇ ನೋಡಿ, ಪಶ್ಚಿಮವನ್ನು ಇನ್ನೊಂದು ಸಲಕ್ಕೆ ಬಿಡುವುದು ಲೇಸು. ಶಾಲೆಯ ಹಂಗಿಲ್ಲದ ನಿವೃತ್ತರಿಗೆ ಜೂನ್ ಕೊನೆಯ ವಾರ ಅಥವಾ ಸೆಪ್ಟೆಂಬರ್. ಜುಲೈ-ಆಗಸ್ಟ್‌ನಲ್ಲಿ ಹವಾ ಚೆನ್ನಾಗಿದ್ದರೂ ಎರಡು ತೊಡಕು: ಬ್ಯಾನ್ಫ್‌ನ ಸಾಧಾರಣ ರೂಮಿಗೂ ರಾತ್ರಿಗೆ 400 ಕೆನಡಾ ಡಾಲರ್ ಮೇಲೆ, ಜೊತೆಗೆ ಕಾಡ್ಗಿಚ್ಚಿನ ಹೊಗೆ. ಹೊಗೆ ಕವಿದ ದಿನ ಎದುರಿನ ಬೆಟ್ಟವೇ ಕಾಣುವುದಿಲ್ಲ. 2024ರ ಜುಲೈನಲ್ಲಿ ಬ್ಯಾನ್ಫ್‌ನ ಉತ್ತರಕ್ಕಿರುವ ಜ್ಯಾಸ್ಪರ್ ಊರಿನ ಸುಮಾರು ಮೂರನೇ ಒಂದು ಭಾಗ ಕಟ್ಟಡಗಳು ಬೆಂಕಿಗೆ ಹೋದವು. ಹಳೆಯ ಪಟ್ಟಿಗಳಲ್ಲಿ ಆಗಿನ ಹೋಟೆಲ್ ಹೆಸರುಗಳೇ ಉಳಿದಿದ್ದರೆ ವಿಚಾರಿಸಿಕೊಳ್ಳಿ.

ಇನ್ನು ಪಟ್ಟಿಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಏಳನೇ ಅಥವಾ ಎಂಟನೇ ದಿನಕ್ಕೆ ಸಾಮಾನ್ಯವಾಗಿ ಹೀಗಿರುತ್ತದೆ: "ಉಪಾಹಾರದ ನಂತರ ಬ್ಯಾನ್ಫ್, ಲೇಕ್ ಲೂಯಿಸ್, ಕೊಲಂಬಿಯಾ ಐಸ್‌ಫೀಲ್ಡ್ ವೀಕ್ಷಣೆ. ರಾತ್ರಿ ಕ್ಯಾಲ್ಗರಿಯಲ್ಲಿ ವಾಸ್ತವ್ಯ." ಓದಲು ಸಲೀಸು. ಲೆಕ್ಕ ಹಾಕಿ. ಕ್ಯಾಲ್ಗರಿಯಿಂದ ಬ್ಯಾನ್ಫ್ 130 ಕಿ.ಮೀ., ಅಲ್ಲಿಂದ ಲೇಕ್ ಲೂಯಿಸ್ ಸುಮಾರು 58, ಅಲ್ಲಿಂದ ಐಸ್‌ಫೀಲ್ಡ್ ಇನ್ನೂ 125-130. ಒಂದು ಕಡೆಗೇ 310ಕ್ಕೂ ಹೆಚ್ಚು, ಹೋಗಿ ಬಂದರೆ 620ರ ಮೇಲೆ. ರಾಷ್ಟ್ರೀಯ ಉದ್ಯಾನದೊಳಗೆ ವೇಗದ ಮಿತಿ ಗಂಟೆಗೆ 90. ಕೋಚ್ ಬಸ್ಸಿನ ಚಕ್ರದ ಮೇಲೆಯೇ ಎಂಟು ತಾಸು. ಹಿಮನದಿಯ ಮೇಲೆ ದೊಡ್ಡ ಚಕ್ರದ ಐಸ್ ಎಕ್ಸ್‌ಪ್ಲೋರರ್ ಬಸ್ ಹತ್ತಿ ಇಳಿದು, ಗಾಜಿನ ನೆಲದ ಸ್ಕೈವಾಕ್ ನೋಡಲು ಸರದಿ ಸೇರಿ ಮೂರು ತಾಸು. ಊಟ, ಶೌಚಾಲಯಕ್ಕೆ ಒಂದೂವರೆ ತಾಸು. ಲೇಕ್ ಲೂಯಿಸ್‌ಗೆ ಉಳಿಯುವುದು ಮುಕ್ಕಾಲು ತಾಸು. ದಂಡೆಯಲ್ಲಿ ನಿಂತು ಗ್ರೂಪ್ ಫೋಟೊ ಹೊಡೆಯುವಷ್ಟರಲ್ಲಿ ಗೈಡ್ ಸೀಟಿ ಊದುತ್ತಾನೆ. ಬ್ಯಾನ್ಫ್ ಊರು ಕಿಟಕಿಯಲ್ಲಿ ಹಾದು ಹೋಗುತ್ತದೆ.

ರಾತ್ರಿ ಕ್ಯಾಲ್ಗರಿಯಲ್ಲಿ ಉಳಿಸುವುದು ಯಾಕೆ ಎಂದರೆ ಉದ್ಯಾನದೊಳಗಿನ ಹೋಟೆಲ್ ದುಬಾರಿ, ನಲವತ್ತು ಜನರ ಗ್ರೂಪಿಗೆ ಒಟ್ಟಿಗೆ ರೂಮು ಸಿಗುವುದೂ ಕಷ್ಟ. ಏಜೆನ್ಸಿಗೆ ಅದು ಉಳಿತಾಯ, ನಿಮಗೆ ಮುಂಜಾನೆ ಮತ್ತು ಸಂಜೆ ಎರಡೂ ನಷ್ಟ. ಕಾಡುಪ್ರಾಣಿ ರಸ್ತೆ ಬದಿಗೆ ಬರುವುದು ಆ ಎರಡು ಹೊತ್ತಿನಲ್ಲೇ, ದಾಂಡೇಲಿ ಕಾಡಿನ ಪರಿಚಯ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಕೊಟೇಶನ್ ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದ್ದು ಒಟ್ಟು ದರವಲ್ಲ, 'ರಾತ್ರಿ ವಾಸ್ತವ್ಯ' ಎಂಬ ಕಾಲಂ. ಬ್ಯಾನ್ಫ್, ಲೇಕ್ ಲೂಯಿಸ್ ಅಥವಾ ಉದ್ಯಾನದ ಗೇಟಿನ ಹೊರಗೆ, ಬ್ಯಾನ್ಫ್‌ನಿಂದ 25 ಕಿ.ಮೀ. ಒಳಗೇ ಇರುವ ಕ್ಯಾನ್ಮೋರ್, ಈ ಮೂರರಲ್ಲಿ ಒಂದರಲ್ಲಿ ಕನಿಷ್ಠ ಮೂರು ರಾತ್ರಿ ಇಲ್ಲದಿದ್ದರೆ ಆ ಪ್ಯಾಕೇಜ್ ರಾಕಿ ಬೆಟ್ಟ ತೋರಿಸುವುದಿಲ್ಲ, ರಾಕಿ ಬೆಟ್ಟದ ಹೆದ್ದಾರಿ ತೋರಿಸುತ್ತದೆ.

ಇನ್ನೊಂದು ಕೇಳಬೇಕಾದ ಪ್ರಶ್ನೆ: ಮೊರೇನ್ ಲೇಕ್‌ಗೆ ಹೇಗೆ ಕರೆದೊಯ್ಯುತ್ತೀರಿ? 2023ರಿಂದ ಆ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ. ಉದ್ಯಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್, ರೋಮ್ ಎಂಬ ಸ್ಥಳೀಯ ಸಾರಿಗೆ, ಪರವಾನಗಿ ಇರುವ ಪ್ರವಾಸಿ ಬಸ್ಸುಗಳಿಗೆ ಮಾತ್ರ ಪ್ರವೇಶ. ಏಜೆನ್ಸಿಯ ಕೋಚಿಗೆ ಪರವಾನಗಿ ಇದೆಯೋ ಇಲ್ಲವೋ ಎಂಬುದಕ್ಕೆ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ನೀವೇ ಹೋಗುವುದಾದರೆ ಶಟಲ್ ಸೀಟು ಪಾರ್ಕ್ಸ್ ಕೆನಡಾದ ಜಾಲತಾಣದಲ್ಲಿ ಸಿಗುತ್ತದೆ: ಒಂದಷ್ಟು ಸೀಟು ಏಪ್ರಿಲ್‌ನಲ್ಲೇ ಬಿಡುಗಡೆ, ಉಳಿದ ದೊಡ್ಡ ಪಾಲು ಪ್ರಯಾಣದ ಎರಡು ದಿನ ಮೊದಲು ಅಲ್ಲಿನ ಬೆಳಗ್ಗೆ 8ಕ್ಕೆ. ನಮ್ಮ ಗಡಿಯಾರದಲ್ಲಿ ಅದು ಸಂಜೆ ಏಳೂವರೆ. ತತ್ಕಾಲ್ ಟಿಕೆಟಿಗೆ ಬೆರಳು ಪಳಗಿದವರಿಗೆ ಇದು ಕಷ್ಟವಲ್ಲ. ಅದೇ ಟಿಕೆಟಿನಲ್ಲಿ ಲೇಕ್ ಲೂಯಿಸ್ ಮತ್ತು ಮೊರೇನ್ ನಡುವಿನ ಬಸ್ಸೂ ಸೇರಿರುತ್ತದೆ. ಲೇಕ್ ಲೂಯಿಸ್ ದಂಡೆಯ ಪಾರ್ಕಿಂಗ್ ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ತುಂಬುವುದರಿಂದ ಕಾರು ಇದ್ದವರಿಗೂ ಶಟಲ್ ಬುಕ್ ಮಾಡುವುದೇ ಜಾಣತನ.

ಮೂರೇ ರಾತ್ರಿ ಆದರೂ ಹಂಚಿಕೆ ಹೀಗಿರಲಿ: ಮೊದಲ ದಿನ ಬ್ಯಾನ್ಫ್ ಊರು ಮತ್ತು ಹತ್ತಿರದ ಮಿನ್ನೆವಾಂಕಾ ಸರೋವರ, ಎರಡನೇ ದಿನ ಲೂಯಿಸ್ ಹಾಗೂ ಮೊರೇನ್, ಮೂರನೇ ದಿನ ಪೂರ್ತಿಯಾಗಿ ಐಸ್‌ಫೀಲ್ಡ್ಸ್ ಪಾರ್ಕ್‌ವೇಗೆ. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ವರೆಗಿನ ಆ 230 ಕಿ.ಮೀ. ರಸ್ತೆಯೇ ಇಡೀ ಪ್ರವಾಸದ ತಿರುಳು, ಅದನ್ನು ಅರ್ಧಕ್ಕೆ ತಿರುಗಿ ಬರುವ ಪ್ಯಾಕೇಜುಗಳೇ ಹೆಚ್ಚು. ಆ ದಾರಿಯಲ್ಲಿ ಪೆಟ್ರೋಲ್ ಸಿಗುವುದು ಸಸ್ಕಾಚೆವಾನ್ ಕ್ರಾಸಿಂಗ್ ಎಂಬ ಒಂದೇ ಕಡೆ, ಅದೂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬಹುಪಾಲು ದಾರಿಗೆ ಮೊಬೈಲ್ ಸಿಗ್ನಲ್ ಇಲ್ಲ. ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು.

ಕಾರು ಓಡಿಸಲು ಬರುವ ನಾಲ್ಕು ಜನರ ಮನೆಗೆ ಈ ಮೂರು ದಿನ ಸ್ವಂತ ಡ್ರೈವಿಂಗೇ ಅಗ್ಗ ಮತ್ತು ಸುಖ. ನಮ್ಮ ಲೈಸೆನ್ಸಿನ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಕೆಎ 63 ಆಗಲಿ ಕೆಎ 25 ಆಗಲಿ, ನಿಮ್ಮ ಆರ್‌ಟಿಒ ಕೊಡುತ್ತದೆ: ಫಾರ್ಮ್ 4ಎ, ಶುಲ್ಕ 1,000 ರೂಪಾಯಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ. ಅವಧಿ ಒಂದು ವರ್ಷ. ಬಾಡಿಗೆ ಕೌಂಟರಿನಲ್ಲಿ ಜನ ಎಡವುವುದು ಲೈಸೆನ್ಸಿನಲ್ಲಲ್ಲ, ಕಾರ್ಡಿನಲ್ಲಿ. ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡಿಪಾಸಿಟ್ಟಿಗೆಂದು ನೂರಾರು ಡಾಲರ್ ಹಿಡಿದಿಟ್ಟುಕೊಳ್ಳುತ್ತಾರೆ. ಅಪ್ಪನ ಕಾರ್ಡು, ಮಗನ ಲೈಸೆನ್ಸು ಎಂದರೆ ಕೀ ಕೊಡುವುದಿಲ್ಲ. ಮೊದಲೇ ವಿದೇಶಿ ಹಣ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡನ್ನೂ ಹಲವರು ಒಪ್ಪುವುದಿಲ್ಲ. ಇನ್ನು ಕ್ಯಾಲ್ಗರಿಯಲ್ಲಿ ಪಡೆದ ಕಾರನ್ನು ಕ್ಯಾಲ್ಗರಿಯಲ್ಲೇ ಬಿಡಿ. ವ್ಯಾಂಕೂವರ್‌ನಲ್ಲಿ ಬಿಡುತ್ತೇನೆಂದರೆ ಅದಕ್ಕೆ ಬೇರೆ ಶುಲ್ಕ, ಮೇಲೆ ಬ್ಯಾನ್ಫ್‌ನಿಂದ 850 ಕಿ.ಮೀ. ದಾರಿ. ರಸ್ತೆಯಲ್ಲಿ ಬಲಕ್ಕೆ ಓಡಿಸುವುದು ಒಂದು ತಾಸಿನಲ್ಲಿ ರೂಢಿಯಾಗುತ್ತದೆ. ರೂಢಿಯಾಗದ್ದು ನಾಲ್ಕೂ ಕಡೆ ಸ್ಟಾಪ್ ಫಲಕ ಇರುವ ಸರ್ಕಲ್: ಅಲ್ಲಿ ಪೂರ್ತಿ ನಿಲ್ಲಿಸಬೇಕು, ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಚೆನ್ನಮ್ಮ ಸರ್ಕಲ್ಲಿನ ಅಭ್ಯಾಸ ಅಲ್ಲಿ ತೋರಿಸಿದರೆ ದಂಡ ಗ್ಯಾರಂಟಿ.

ಉದ್ಯಾನದ ಪ್ರವೇಶ ಪಾಸು ಪ್ಯಾಕೇಜ್‌ನಲ್ಲಿ ಸೇರಿದೆಯೇ ನೋಡಿ. ವಯಸ್ಕರಿಗೆ ದಿನಕ್ಕೆ ಹತ್ತು-ಹನ್ನೆರಡು ಡಾಲರ್ ಆಸುಪಾಸು, 17 ವರ್ಷದವರೆಗೆ ಉಚಿತ, ಒಂದೇ ವಾಹನದಲ್ಲಿ ಏಳು ಜನರವರೆಗೆ ಕುಟುಂಬ ಪಾಸು ಇದೆ. ಪ್ರಾಣಿಗಳ ವಿಷಯದಲ್ಲಿ ನಿಯಮ ಕಟ್ಟುನಿಟ್ಟು: ಎಲ್ಕ್, ಜಿಂಕೆಗಳಿಂದ 30 ಮೀಟರ್, ಕರಡಿ, ತೋಳದಿಂದ 100 ಮೀಟರ್ ದೂರ. ತಿನಿಸು ಹಾಕುವುದು ಅಪರಾಧ. ಕಾಲುದಾರಿ ಹಿಡಿಯುವುದಿದ್ದರೆ ಕರಡಿ ಸ್ಪ್ರೇಯನ್ನು ಅಲ್ಲೇ ಕೊಳ್ಳಬೇಕು, ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ.

ನಗರಗಳ ವಿಷಯಕ್ಕೆ ಬಂದರೆ ದೂರು ಕಡಿಮೆ. ಟೊರಾಂಟೊದಲ್ಲಿ 553 ಮೀಟರ್ ಎತ್ತರದ ಸಿಎನ್ ಟವರ್ 'ಪ್ರವೇಶ ಸಹಿತ'ವೋ 'ಹೊರಗಿನಿಂದ ವೀಕ್ಷಣೆ'ಯೋ ಎಂಬುದನ್ನು ನೋಡಿದರೆ ಸಾಕು. ಹೋಟೆಲ್ 'ಟೊರಾಂಟೊ' ಎಂದು ಬರೆದು ಮಿಸ್ಸಿಸಾಗಾದ ವಿಮಾನ ನಿಲ್ದಾಣದ ಬಳಿ ಇಳಿಸುವುದು ಮಾಮೂಲು. ಗ್ರೂಪ್ ಬಸ್ ಇರುವಾಗ ನಡೆಯುತ್ತದೆ, ಸಂಜೆ ಸ್ವಂತ ಸುತ್ತಾಡಬೇಕೆನ್ನುವವರಿಗೆ ತೊಂದರೆ. ವ್ಯಾಂಕೂವರ್‌ನ ಕ್ಯಾಪಿಲಾನೊ ತೂಗುಸೇತುವೆ ಸುಂದರ, ಟಿಕೆಟ್ ಮಾತ್ರ ಕೈಸುಡುತ್ತದೆ. ಅದೇ ಉತ್ತರ ವ್ಯಾಂಕೂವರ್‌ನ ಲಿನ್ ಕ್ಯಾನ್ಯನ್ ತೂಗುಸೇತುವೆ ಚಿಕ್ಕದಾದರೂ ಪುಕ್ಕಟೆ. ವಿಕ್ಟೋರಿಯಾಕ್ಕೆ ಒಂದೇ ದಿನದಲ್ಲಿ ಹೋಗಿಬರುವುದು ಬೇಡ: ಹಡಗಿನಲ್ಲೇ ಒಂದು ಕಡೆಗೆ 1 ತಾಸು 35 ನಿಮಿಷ, ಎರಡೂ ದಂಡೆಯಲ್ಲಿ ಊರು ಮುಟ್ಟಲು ಮತ್ತೆ ಮುಕ್ಕಾಲು ತಾಸು, ಕಾಯುವ ಹೊತ್ತು ಬೇರೆ. ಬುಚಾರ್ಟ್ ಹೂದೋಟ ನೋಡಲೇಬೇಕು ಎನ್ನುವವರು ಅಲ್ಲಿ ಒಂದು ರಾತ್ರಿ ಉಳಿಯಲಿ.

ನಯಾಗರಾ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಪಟ್ಟಿ ಎಷ್ಟು ಹಳೆಯದು ಎಂಬುದು ಇಲ್ಲೇ ಸಿಕ್ಕಿಬೀಳುತ್ತದೆ. ಹಲವು ಕೊಟೇಶನ್‌ಗಳಲ್ಲಿ ಇನ್ನೂ 'ಮೇಡ್ ಆಫ್ ದಿ ಮಿಸ್ಟ್ ದೋಣಿ ವಿಹಾರ' ಎಂದಿರುತ್ತದೆ. ಆ ದೋಣಿ 2014ರಿಂದ ಅಮೆರಿಕದ ದಂಡೆಯಿಂದ ಮಾತ್ರ ಹೊರಡುತ್ತದೆ. ಕೆನಡಾ ದಂಡೆಯ ದೋಣಿ ಬೇರೆ ಸಂಸ್ಥೆಯದು, ಅದಕ್ಕೆ ಈಗ ನಯಾಗರಾ ಸಿಟಿ ಕ್ರೂಸಸ್ ಎಂದು ಹೆಸರು. ಅಲ್ಲಿ ಕೊಡುವ ಮಳೆಯಂಗಿ ಕೆಂಪು, ಆಚೆ ದಂಡೆಯದು ನೀಲಿ. ಹತ್ತು ವರ್ಷ ಹಿಂದಿನ ಹೆಸರನ್ನೇ ನಕಲು ಮಾಡಿದವರು ಉಳಿದ ಸಮಯ, ದರಗಳನ್ನು ಹೊಸದಾಗಿ ವಿಚಾರಿಸಿರುತ್ತಾರೆ ಎಂದು ನಂಬುವುದು ಕಷ್ಟ. ಎತ್ತರವನ್ನು ನಿರೀಕ್ಷಿಸಿ ಹೋಗಬೇಡಿ: ಕುದುರೆಲಾಳದ ಆಕಾರದ ದೊಡ್ಡ ಜಲಪಾತದ ಧುಮುಕು ಸುಮಾರು 57 ಮೀಟರ್, ನಮ್ಮ ಗೋಕಾಕ ಫಾಲ್ಸ್‌ನ 52 ಮೀಟರಿಗಿಂತ ತುಸು ಹೆಚ್ಚು, ಜೋಗದ ಕಾಲು ಭಾಗವೂ ಇಲ್ಲ. ಅಲ್ಲಿನ ಬೆರಗು ನೀರಿನ ಪ್ರಮಾಣ ಮತ್ತು ಅಗಲದ್ದು, ಅದನ್ನು ಅನುಭವಿಸಲು ದೋಣಿ ಬೇಕೇ ಬೇಕು. ದೋಣಿಯ ಹಂಗಾಮು ಹೆಚ್ಚುಕಡಿಮೆ ಮೇಯಿಂದ ನವೆಂಬರ್‌ವರೆಗೆ. ಟೊರಾಂಟೊದಿಂದ 130 ಕಿ.ಮೀ. ದೂರ, ಬೆಳಗ್ಗೆ ಹೋಗಿ ರಾತ್ರಿಯ ದೀಪ ನೋಡಿಕೊಂಡು ವಾಪಸಾಗಬಹುದು.

ಇಷ್ಟೆಲ್ಲ ಬರೆದ ಮೇಲೂ ಮೂಲ ದೋಷ ಒಂದು ಉಳಿಯುತ್ತದೆ: ಎರಡೂ ತುದಿಗಳನ್ನು ಹದಿಮೂರು ದಿನಕ್ಕೆ ತುರುಕುವುದು. ಕೆನಡಾದ ವಿಸ್ತೀರ್ಣ ಸುಮಾರು 99.8 ಲಕ್ಷ ಚದರ ಕಿ.ಮೀ., ಭಾರತದ ಮೂರು ಪಟ್ಟು, ಆರು ಕಾಲವಲಯ. ಟೊರಾಂಟೊ-ವ್ಯಾಂಕೂವರ್ ವಿಮಾನವೇ ಐದು ತಾಸಿನ ಹತ್ತಿರ. ಇವೆರಡರ ನಡುವೆ ಓಡುವ 'ದಿ ಕೆನೇಡಿಯನ್' ರೈಲು 4,466 ಕಿ.ಮೀ.ಗೆ ನಾಲ್ಕು ರಾತ್ರಿ ತೆಗೆದುಕೊಳ್ಳುತ್ತದೆ, ಗೂಡ್ಸ್ ರೈಲಿಗೆ ದಾರಿ ಬಿಡುತ್ತ ಹಲವು ತಾಸು ತಡವಾಗುವುದೂ ಉಂಟು. ಹದಿಮೂರರಲ್ಲಿ ಹೋಗಿ ಬರಲು ಮೂರು ದಿನ, ನಿದ್ದೆಗೆಟ್ಟ ಮೊದಲ ದಿನ, ಒಳನಾಡಿನ ವಿಮಾನಕ್ಕೆ ಒಂದು ದಿನ ಕಳೆದರೆ ಉಳಿಯುವುದು ಎಂಟು. ಹಿರಿಯರ ಜೊತೆ ಹೋಗುವವರು ಟೊರಾಂಟೊ-ನಯಾಗರಾ ಆ ನಿದ್ದೆಗೆಟ್ಟ ದಿನವೂ ಸೇರಿ ನಾಲ್ಕು ದಿನ, ನೇರವಾಗಿ ಕ್ಯಾಲ್ಗರಿ-ಬ್ಯಾನ್ಫ್ ಐದು ದಿನ ಎಂದು ಮೊಟಕು ಮಾಡಿಸಿ, ಒಟ್ಟಾವಾ-ಮಾಂಟ್ರಿಯಲ್ ತೆಗೆಸಿಹಾಕಲಿ. ಒಳನಾಡಿನ ವಿಮಾನ ಬೇರೆ ಟಿಕೆಟ್ಟಿನಲ್ಲಿದ್ದರೆ ಚೆಕ್-ಇನ್ ಬ್ಯಾಗಿಗೆ ಪ್ರತ್ಯೇಕ ಶುಲ್ಕ ಬೀಳುತ್ತದೆ. 'ವಿಮಾನ ಸೇರಿದೆ' ಎಂದರೆ ಬ್ಯಾಗು ಸೇರಿದೆ ಎಂದಲ್ಲ.

ಏಜೆನ್ಸಿ ನಿಜಕ್ಕೂ ಕೆಲಸಕ್ಕೆ ಬರುವುದು ವೀಸಾದಲ್ಲಿ. ಅರ್ಜಿ ಆನ್‌ಲೈನ್, ಶುಲ್ಕ 100 ಡಾಲರ್, ಬಯೋಮೆಟ್ರಿಕ್ 85. ಒಟ್ಟಿಗೆ ಅರ್ಜಿ ಹಾಕಿದ ಕುಟುಂಬಕ್ಕೆ ಬಯೋಮೆಟ್ರಿಕ್ ಗರಿಷ್ಠ 170. ಬೆರಳಚ್ಚು ಕೊಡಲು ಹುಬ್ಬಳ್ಳಿಯಲ್ಲಿ ಕೇಂದ್ರವಿಲ್ಲ, ಬೆಂಗಳೂರಿಗೆ ಹೋಗಬೇಕು. ರಾತ್ರಿ ರೈಲಿಗೆ ಹತ್ತಿ, ಹತ್ತು-ಹನ್ನೊಂದರ ಅಪಾಯಿಂಟ್‌ಮೆಂಟ್ ಮುಗಿಸಿ ಅಂದೇ ವಾಪಸಾಗಬಹುದು. ಒಮ್ಮೆ ಕೊಟ್ಟರೆ ಹತ್ತು ವರ್ಷ. 14ರ ಒಳಗಿನ ಮಕ್ಕಳಿಗೆ, 79 ದಾಟಿದವರಿಗೆ ಅದು ಬೇಡ. ಪಾಸ್‌ಪೋರ್ಟ್ ಅವಧಿ ಮೀರಿ ವೀಸಾ ಸಿಗದು. ಒಂದೆರಡು ವರ್ಷ ಮಾತ್ರ ಉಳಿದಿದ್ದರೆ ಮೊದಲು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದು ಮಾಡಿಸಿ, ಆಮೇಲೆ ಅರ್ಜಿ ಹಾಕಿ. ಅಮೆರಿಕದ ವೀಸಾ ಇದ್ದರೆ ಕೆನಡಾಕ್ಕೆ ವೀಸಾ ಬೇಡ ಎಂದು ಯಾರಾದರೂ ಹೇಳಿದರೆ ಅದು ಭಾರತದ ಪಾಸ್‌ಪೋರ್ಟಿಗೆ ಅನ್ವಯಿಸುವುದಿಲ್ಲ.

ಸಂಬಳದಾರರ ಕಾಗದ ಸುಲಭ. ಕಷ್ಟ ಇರುವುದು ನವಲಗುಂದ, ಬ್ಯಾಡಗಿ ಕಡೆಯ ರೈತರಿಗೆ, ಸಣ್ಣ ವ್ಯಾಪಾರಸ್ಥರಿಗೆ. ಆದಾಯ ತೆರಿಗೆ ರಿಟರ್ನ್ ಇಲ್ಲದ ಕೃಷಿ ಆದಾಯವನ್ನು ಹೊಲದ ಉತಾರ, ಎಪಿಎಂಸಿಯ ಮಾರಾಟದ ಬಿಲ್, ಆ ದುಡ್ಡು ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಈ ಮೂರರ ಸರಪಳಿಯಿಂದ ತೋರಿಸಬೇಕು. ಉತಾರ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಪ್ರಮಾಣಪತ್ರ ಜೊತೆಗಿರಬೇಕು. ಮನೆಯವರು ಮಾಡಿದ ಅನುವಾದ ನಡೆಯದು. ಅರ್ಜಿಗೆ ಹದಿನೈದು ದಿನ ಮೊದಲು ಯಾರದೋ ಐದು ಲಕ್ಷ ತಂದು ಖಾತೆಗೆ ಹಾಕಿಸುವ 'ಐಡಿಯಾ' ಕೊಡುವವರಿಂದ ದೂರವಿರಿ. ಮೂಲವಿಲ್ಲದ ದೊಡ್ಡ ಜಮೆಯೇ ನಿರಾಕರಣೆಗೆ ಕಾರಣವಾಗುತ್ತದೆ, ಸುಳ್ಳು ದಾಖಲೆ ಎಂದು ಸಾಬೀತಾದರೆ ಐದು ವರ್ಷ ಆ ದೇಶದ ಬಾಗಿಲು ಬಂದ್. ಅರ್ಜಿಯ ಖಾತೆಯಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಇರಲಿ. ಏಜೆಂಟರ ಇಮೇಲ್ ಹಾಕಿದರೆ ಹೆಚ್ಚುವರಿ ದಾಖಲೆ ಕೇಳಿದ ಪತ್ರ ಅವರ ಇನ್‌ಬಾಕ್ಸಿನಲ್ಲೇ ಕೊಳೆತು ಗಡುವು ಮೀರುತ್ತದೆ.

ರಸೀದಿಯ ವಿಷಯ. ಇಲ್ಲಿನ ಹಲವು ಕಚೇರಿಗಳು ಮುಂಬೈ, ಪುಣೆಯ ದೊಡ್ಡ ಸಂಸ್ಥೆಗಳಿಗೆ ಬುಕಿಂಗ್ ಹಿಡಿದುಕೊಡುವವು. ಅದರಲ್ಲಿ ತಪ್ಪಿಲ್ಲ, ಆದರೆ ದುಡ್ಡು ಯಾರ ಕೈ ಸೇರುತ್ತದೆ ಎಂದು ಗೊತ್ತಿರಬೇಕು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕೆ ನೋಡಿ: 29 ಎಂದರೆ ಕರ್ನಾಟಕ, 27 ಎಂದರೆ ಮಹಾರಾಷ್ಟ್ರ. 27 ಇದ್ದರೆ ಬಸ್ಸಿನ ವಿವರಣೆ ಹಿಂದಿ ಅಥವಾ ಮರಾಠಿಯಲ್ಲಿ ಇರಬಹುದು, ಹಿರಿಯರಿದ್ದರೆ ಮೊದಲೇ ಕೇಳಿಕೊಳ್ಳಿ. ವಿದೇಶ ಪ್ಯಾಕೇಜಿನ ಮೇಲೆ ಜಿಎಸ್‌ಟಿ ಜೊತೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ಅದರ ದರ ಬಜೆಟ್ಟಿಗೊಮ್ಮೆ ಬದಲಾಗುತ್ತಿರುವುದರಿಂದ ಆ ವರ್ಷದ್ದನ್ನು ಕೇಳಿ. ಅದು ಹೋದ ದುಡ್ಡಲ್ಲ, ನಿಮ್ಮ ಪ್ಯಾನ್‌ಗೆ ಜಮೆಯಾಗಿ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿದರೆ ವಾಪಸ್ ಅಥವಾ ಹೊಂದಾಣಿಕೆ. ಪೋಸ್ಟರಿನ ದರದಲ್ಲಿ ಇವೆರಡೂ ಸೇರಿರುವುದು ಅಪರೂಪ. ಕೆನಡಾದಲ್ಲೂ ಇದೇ ಆಟ: ಅಂಗಡಿಯ ಬೆಲೆಚೀಟಿಯಲ್ಲಿ ತೆರಿಗೆ ಇರುವುದಿಲ್ಲ. ಒಂಟಾರಿಯೊದಲ್ಲಿ 13 ಶೇಕಡಾ, ಅಲ್ಬರ್ಟಾದಲ್ಲಿ 5 ಶೇಕಡಾ ಬಿಲ್ಲಿನಲ್ಲಿ ಕೂಡುತ್ತದೆ, ಹೋಟೆಲ್ ಊಟಕ್ಕೆ ಮೇಲೆ 15ರಿಂದ 20 ಶೇಕಡಾ ಟಿಪ್ಸ್. ಖರೀದಿ ಇದ್ದರೆ ಕ್ಯಾಲ್ಗರಿಯಲ್ಲಿ ಮಾಡಿ.

ಊಟ: 'ರಾತ್ರಿ ಇಂಡಿಯನ್ ಡಿನ್ನರ್' ಟೊರಾಂಟೊ, ವ್ಯಾಂಕೂವರ್‌ನಲ್ಲಿ ಸಲೀಸು, ಬ್ಯಾನ್ಫ್‌ನಲ್ಲಿ ಆಯ್ಕೆ ಕಡಿಮೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಜೊತೆಗಿದ್ದರೆ ಬಚಾವ್. ಏನೇ ಒಯ್ದರೂ, ಪೇಡೆಯೂ ಸೇರಿ, ಅಲ್ಲಿನ ಕಸ್ಟಮ್ಸ್ ಘೋಷಣೆಯಲ್ಲಿ ತಿನಿಸಿದೆ ಎಂದು ಬರೆಯಿರಿ. ಘೋಷಿಸಿದ್ದನ್ನು ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟದ್ದಕ್ಕೆ ದಂಡ. ತಾಜಾ ಹಣ್ಣು, ಬೀಜ, ಮಾಂಸದ ಪದಾರ್ಥ ಬೇಡವೇ ಬೇಡ. ಮನೆಯ ಎಲೆಕ್ಟ್ರಿಕ್ ಕುಕ್ಕರ್ ಒಯ್ಯುವವರಿಗೊಂದು ಕಿವಿಮಾತು: ಅಲ್ಲಿನ ಕರೆಂಟು 120 ವೋಲ್ಟ್. 230 ವೋಲ್ಟಿನ ನಮ್ಮ 700 ವಾಟ್ ಕುಕ್ಕರ್ ಅಲ್ಲಿ 190 ವಾಟಿನಷ್ಟೇ ಕಾಯುತ್ತದೆ, ಅಕ್ಕಿ ಬೇಯುವ ಬದಲು ನೆನೆಯುತ್ತದೆ. ರೂಮಿನಲ್ಲಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಾಂ ಇಡೀ ಹೋಟೆಲನ್ನು ಎಬ್ಬಿಸುತ್ತದೆ. ಅಡುಗೆ ಬೇಕೆನ್ನುವವರು ಕ್ಯಾನ್ಮೋರ್‌ನಲ್ಲಿ ಅಡುಗೆಮನೆ ಇರುವ ರೂಮು ಹಿಡಿಯಲಿ.

ವಿಮೆಯನ್ನು ಪ್ಯಾಕೇಜ್ ಜೊತೆ ಪುಕ್ಕಟೆ ಎಂದು ಕೊಟ್ಟರೆ ಮೊತ್ತ ನೋಡಿ. ಪ್ರವಾಸಿಗರಿಗೆ ಅಲ್ಲಿ ಉಚಿತ ಚಿಕಿತ್ಸೆ ಇಲ್ಲ, ಆಸ್ಪತ್ರೆಯ ಒಂದು ದಿನವೇ ಸಾವಿರಾರು ಡಾಲರ್. ಬಿಪಿ, ಶುಗರ್ ಇದ್ದರೆ ಅರ್ಜಿಯಲ್ಲಿ ಬರೆಸಿ, ಮೊದಲೇ ಇದ್ದ ಕಾಯಿಲೆಗೆ ಎಷ್ಟು ಕೊಡುತ್ತಾರೆ ಎಂಬ ಸಾಲನ್ನು ಓದಿ.

ಹಾಗಾದರೆ ಯಾರು ಕೊಳ್ಳಬೇಕು? ಇಂಗ್ಲಿಷಿನ ಅಳುಕಿರುವ, ಕಾರು ಓಡಿಸದ, ನಗರ ಮತ್ತು ನಯಾಗರಾ ಸಾಕು ಎನ್ನುವ ದಂಪತಿ ಪೂರ್ತಿ ಪ್ಯಾಕೇಜನ್ನೇ ಕೊಳ್ಳಲಿ, ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಬೆಟ್ಟಕ್ಕಾಗಿಯೇ ಹೋಗುವವರು ವೀಸಾ ಮತ್ತು ವಿಮಾನದ ಟಿಕೆಟನ್ನು ಮಾತ್ರ ಏಜೆನ್ಸಿಯಲ್ಲಿ ಮಾಡಿಸಿ, ಉಳಿದದ್ದನ್ನು ತಾವೇ ಬುಕ್ ಮಾಡಿಕೊಳ್ಳಲಿ. ಬಹುತೇಕ ಕಚೇರಿಗಳು ಹೀಗೆ ಬಿಡಿಯಾಗಿಯೂ ಮಾಡಿಕೊಡುತ್ತವೆ, ಕೇಳಬೇಕಷ್ಟೇ. ದಸರೆಗೆ ಹೊರಡುವುದಾದರೆ ಬ್ಯಾನ್ಫ್ ಅಥವಾ ಕ್ಯಾನ್ಮೋರ್‌ನ ರೂಮನ್ನು ರದ್ದು ಮಾಡಬಹುದಾದ ದರದಲ್ಲಿ ಜನವರಿ-ಫೆಬ್ರವರಿಗೇ ಹಿಡಿದಿಡಿ, ವೀಸಾ ಅರ್ಜಿ ಏಪ್ರಿಲ್ ಒಳಗೆ ಹೋಗಲಿ, ವಿಮಾನ ಟಿಕೆಟ್ ವೀಸಾ ಕೈಗೆ ಬಂದ ಮೇಲೆ.

ಪ್ಯಾಕೇಜನ್ನೇ ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಮೂರು ಸಂಗತಿ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ: ವೀಸಾ ನಿರಾಕರಣೆಯಾದರೆ ಎಷ್ಟು ವಾಪಸ್, ಎಷ್ಟು ದಿನದಲ್ಲಿ. ಕನಿಷ್ಠ ಎಷ್ಟು ಜನ ಸೇರದಿದ್ದರೆ ತಾರೀಖು ಮುಂದಕ್ಕೆ ಹೋಗುತ್ತದೆ, ಹಾಗೆ ಹೋದರೆ ಪೂರ್ತಿ ಹಣ ಕೇಳಲು ಹಕ್ಕಿದೆಯೇ. ಬ್ಯಾನ್ಫ್‌ನ ಹೋಟೆಲಿನ ಹೆಸರೇನು. ಮೂರನೆಯದಕ್ಕೆ "ಅಥವಾ ಅದೇ ದರ್ಜೆಯ ಬೇರೆ ಹೋಟೆಲ್" ಎಂದು ಬರೆದುಕೊಟ್ಟರೆ, ಅದರ ಮುಂದೆ "ಬ್ಯಾನ್ಫ್ ಅಥವಾ ಕ್ಯಾನ್ಮೋರ್ ಊರಿನೊಳಗೆ" ಎಂದು ಸೇರಿಸಿ ಸಹಿ ಹಾಕಿಸಿ.